ಆ ಐದು ಜನ ಯಾರು?



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಅದರಲ್ಲೂ ಡಿಗ್ರಿ ಮುಗಿಸಿ ಮುಂದೇನು ಅಂತ ಕೂತಿರೋ ನಮ್ಮ ಹಾಸ್ಟೆಲ್ ಹುಡುಗ ಹುಡುಗಿಯರು ಕಡೇತನಕ ಓದಬೇಕು.

ಒಂದು ಭಾನುವಾರ ರಾತ್ರಿ ನಮ್ಮ ಸಂಘಟನೆಯ ಹಳೇ ಗೆಳೆಯರೊಬ್ಬರ ಮಗಳು ಬೆಂಗಳೂರಿಂದ ಫೋನ್ ಮಾಡಿದಳು. "ಚಿಕ್ಕಪ್ಪಾ, ಬುಧವಾರದೊಳಗೆ ನಂಗೆ ಐದು ಜನ ಬೇಕು" ಅಂದಳು. ಎಲ್ಲೋ ಧರಣಿಗೆ ಜನ ಕೇಳ್ತಿದಾಳೆ ಅಂದ್ಕೊಂಡು "ಐದೇ ಜನ ಸಾಕೇನವ್ವ, ಒಂದು ಟೆಂಪೋ ತುಂಬ ಕರ್ಕೊಂಡು ಬರ್ತೀನಿ" ಅಂದೆ. ನಕ್ಕಳು. ಆಮೇಲೆ ವಿಷಯ ಹೇಳಿದಳು.

ಅವಳ ಕೆಲಸದ ಹೆಸರು ಯೂಎಕ್ಸ್ ರಿಸರ್ಚರ್. ಅವಳು ಸೇರಿ ಎರಡು ವರ್ಷ ಆದ್ರೂ ಅದೇನು ಕೆಲಸ ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ, ಅವರಪ್ಪನಿಗೂ ಗೊತ್ತಿರಲಿಲ್ಲ. ಒಂದು ಆ್ಯಪೋ ವೆಬ್‌ಸೈಟೋ ತಯಾರಾಗುವಾಗ ಅದನ್ನು ಬಳಸೋ ಜನ ಇರೋ ಜಾಗಕ್ಕೇ ಹೋಗಬೇಕು. ಅವರು ಹೇಗೆ ಬಳಸ್ತಾರೆ, ಎಲ್ಲಿ ತಡವರಿಸ್ತಾರೆ, ಯಾಕೆ ಅರ್ಧಕ್ಕೆ ಬಿಡ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಬೇಕು. ಬಂದು ಇಂಜಿನಿಯರುಗಳಿಗೂ ಡಿಸೈನರುಗಳಿಗೂ ಹೇಳಬೇಕು. ಇಷ್ಟೇ ಕೆಲಸ. ಯೂಸರ್ ಎಕ್ಸ್‌ಪೀರಿಯನ್ಸ್ ಅನ್ನೋ ಮಾತು ಬಳಕೆಗೆ ಬಂದದ್ದು 1990ರ ದಶಕದಲ್ಲಿ, ಆ್ಯಪಲ್ ಕಂಪನಿಯಲ್ಲಿದ್ದ ಡೊನಾಲ್ಡ್ ನಾರ್ಮನ್ ಅವರಿಂದ. ಅವರು ಮನಶ್ಶಾಸ್ತ್ರ ಓದಿದವರು. ನಮ್ಮ ಹುಡುಗಿಯೂ ಕಂಪ್ಯೂಟರ್ ಓದಿದವಳಲ್ಲ, ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳು.

ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಅವಳ ಹೆಸರು, ಕಂಪನಿ ಹೆಸರು, ಊರ ಹೆಸರು ಹೇಳಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಆ ಕಂಪನಿ ತಯಾರಿಸ್ತಿದ್ದದ್ದು ವಿದ್ಯಾರ್ಥಿಗಳು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋಕೆ ಸಹಾಯ ಮಾಡೋ ಆ್ಯಪು. ಕಾಲೇಜು ಶುರುವಾಗೋದರೊಳಗೆ ಬಿಡಬೇಕು ಅನ್ನೋ ಅವಸರ. ಅವರಲ್ಲಿ ಎರಡೆರಡು ವಾರಕ್ಕೆ ಒಂದು ಕಂತು, ಅದಕ್ಕೆ ಸ್ಪ್ರಿಂಟ್ ಅಂತಾರೆ. ಓಟದ ಪಂದ್ಯದ ಹೆಸರೇ ಇಟ್ಟಿದಾರೆ ನೋಡಿ. ಇಂಥ ಓಟದ ನಡುವೆ ಜನರ ಹತ್ರ ಹೋಗಿಬರೋಕೆ ಅವಳಿಗೆ ಸಿಗೋದು ಎರಡು ದಿನ, ಒಮ್ಮೊಮ್ಮೆ ಒಂದೇ ದಿನ.

ಮೊದಲ ಸುತ್ತಿನ ಪರೀಕ್ಷೆ ಆಗಲೇ ಮುಗಿದಿತ್ತು. ಐದು ಜನರನ್ನು ಕೂರಿಸಿ ಅರ್ಜಿ ತುಂಬಿಸಿದ್ದರು. ಯಾರು ಆ ಐದು ಜನ? ಆಫೀಸಿನ ಹಿಂದಿನ ಬೀದಿಯ ಪಿಜಿಯಲ್ಲಿದ್ದ ಮೂವರು ಇಂಜಿನಿಯರಿಂಗ್ ಹುಡುಗರು, ಮ್ಯಾನೇಜರ್ ಪರಿಚಯದವರ ಮಗಳು, ಇನ್ನೊಬ್ಬ ಅದೇ ಆಫೀಸಿಗೆ ತರಬೇತಿಗೆ ಬಂದ ಹುಡುಗ. ಎಲ್ಲರ ಕೈಲೂ ಸ್ವಂತ ಫೋನು. ಎಲ್ಲರೂ ಹತ್ತು ನಿಮಿಷದಲ್ಲಿ ತುಂಬಿ ಎದ್ದರು. ಆ್ಯಪು ಸೂಪರ್ ಅಂತ ತೀರ್ಮಾನ ಆಯ್ತು. ಇವಳು ಹಟ ಹಿಡಿದು, ಸ್ಕಾಲರ್‌ಶಿಪ್ ಬಂದ್ರೆ ಮಾತ್ರ ಕಾಲೇಜಿಗೆ ಹೋಗೋ ಮಕ್ಕಳ ಹತ್ರ ಒಂದು ದಿನ ಹೋಗಿಬರ್ತೀನಿ ಅಂತ ಕೇಳಿಕೊಂಡು ಬುಧವಾರ ಒಂದು ದಿನ ಪಡೆದಿದ್ದಳು.

ನಾನು ಸಿ.ಎಲ್. ಹಾಕಿ ಅವಳ ಜೊತೆ ಹೋದೆ. ಆಫೀಸಿನ ಟೇಬಲ್ ಮುಂದೆ ಇಪ್ಪತ್ತು ವರ್ಷದಿಂದ ಅರ್ಜಿ ತಗೊಳ್ತಾ ಕೂತವನು ನಾನು. ಅರ್ಜಿ ಹಾಕೋರ ಕಷ್ಟ ನನಗೆ ಗೊತ್ತು ಅಂದ್ಕೊಂಡಿದ್ದೆ. ಟೇಬಲ್‌ನ ಆ ಕಡೆ ಕೂತಾಗ ಕಂಡದ್ದೇ ಬೇರೆ.

ಮೊದಲ ಮನೆ. ಸೆಕೆಂಡ್ ಪಿಯುಸಿ ಮುಗಿಸಿದ ಹುಡುಗಿ. ಮನೆಗೆಲ್ಲ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಅಡಿಕೆ ಕೊಯ್ಲಿಗೆ ಹೋಗಿದಾನೆ. ಇವಳು ತಂದಿದ್ದ ಫೋನಲ್ಲೇ ಕೂರಿಸಿದ್ದಾಯ್ತು. ಆಧಾರ್ ನಂಬರ್ ಹಾಕಿದಾಗ ಓಟಿಪಿ ಹೋದದ್ದು ಸೋದರಮಾವನ ನಂಬರಿಗೆ, ಯಾಕಂದ್ರೆ ಆಧಾರ್ ಮಾಡಿಸಿದ ಕಾಲಕ್ಕೆ ಮನೇಲಿ ಫೋನಿದ್ದದ್ದು ಅವನೊಬ್ಬನ ಹತ್ರ. ಅವನು ಟ್ರಾಕ್ಟರ್ ಓಡಿಸ್ತಿದ್ದ. ಮೂರು ಸಲ ರಿಂಗ್ ಆದ ಮೇಲೆ ಎತ್ತಿದ, ಗಾಡಿ ನಿಲ್ಲಿಸಿ ನಂಬರ್ ಓದೋ ಹೊತ್ತಿಗೆ ಸಮಯ ಮೀರಿತ್ತು. ಎರಡನೇ ಸಲ ಒಂದು ಅಂಕಿ ತಪ್ಪು. ಮೂರನೇ ಸಲಕ್ಕೆ ಆ್ಯಪು ಬಾಗಿಲು ಹಾಕ್ಕೊಂಡು ನಾಳೆ ಬನ್ನಿ ಅಂತು. ಸರ್ಕಾರಿ ಆಫೀಸಲ್ಲಿ ನಾವು ಹೇಳೋ ಅದೇ ಮಾತು!

ಎರಡನೇ ಮನೆ. ಹುಡುಗ ಕೂಲಿಗೆ ಹೋಗಿದ್ದ, ತಾಯಿ ಇದ್ದರು. ಇವಳು ಆ್ಯಪು ತೋರಿಸಿ "ಹೆಂಗೈತಮ್ಮಾ?" ಅಂದಳು. "ಎಲ್ಲಾ ಚೆನ್ನಾಗೈತೆ ಕಣ್ ಮೇಡಮ್ನೋರೆ" ಅಂದರು ಆಯಮ್ಮ. ಬೇರೆ ಯಾರಾದರೂ ಆಗಿದ್ರೆ ಚೆನ್ನಾಗಿದೆ ಅಂತ ಬರ್ಕೊಂಡು ಎದ್ದಿರೋರು. ಇವಳು ಚಾಪೆ ಮೇಲೆ ಪಕ್ಕಕ್ಕೇ ಕೂತು "ನಾನು ಮೇಡಮ್ ಅಲ್ಲ ಕಣಮ್ಮ, ನಿಮ್ಮ ಮಗಳಂಗೆ. ಈಗ ಏನ್ ಒತ್ತೀರಿ, ಒತ್ತಿ ತೋರ್ಸಿ" ಅಂದಳು. ಆಯಮ್ಮ ಬೆರಳು ಮುಂದೆ ಚಾಚಿ ಹಿಂದಕ್ಕೆ ತಗೊಂಡರು. "ಒತ್ತಿದ್ರೆ ದುಡ್ಡೇನಾದ್ರೂ ಹೋಯ್ತದಾ ಕೂಸೇ?" ಅಂದರು. ಆ ಮನೇಲಿ ಒಂದು ಸಲ ಯಾವುದೋ ಲಿಂಕ್ ಒತ್ತಿ ಖಾತೇಲಿದ್ದ ದುಡ್ಡು ಹೋಗಿತ್ತಂತೆ. ಚೆನ್ನಾಗೈತೆ ಅನ್ನೋ ಮಾತಿನ ಹಿಂದೆ ಇಷ್ಟಿತ್ತು. ದೊಡ್ಡೋರ ಮುಂದೆ, ಆಫೀಸರ್ ಥರ ಕಾಣೋರ ಮುಂದೆ ನಮ್ಮ ಜನ ಇಲ್ಲ ಅನ್ನಲ್ಲ. ತಲೆಮಾರುಗಳಿಂದ ಕಲಿತ ಪಾಠ ಅದು. ಅದು ಗೊತ್ತಿಲ್ಲದೋರು ಎಷ್ಟು ರಿಸರ್ಚ್ ಮಾಡಿದ್ರೂ ಚೆನ್ನಾಗೈತೆ ಅಂತಲೇ ಬರ್ಕೊಂಡು ಹೋಗ್ತಾರೆ.

ಮಧ್ಯಾಹ್ನ ತಾಲ್ಲೂಕು ಕೇಂದ್ರದ ಒಂದು ಸೈಬರ್ ಸೆಂಟರಿಗೆ ಹೋದೆವು. ನಿಜವಾಗಿ ಅರ್ಜಿ ತುಂಬೋದು ಅಲ್ಲಿ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಆ್ಯಪನ್ನು ಕೈಯಲ್ಲೇ ಮುಟ್ಟಲ್ಲ. ಸೈಬರ್ ಹುಡುಗ ತುಂಬ್ತಾನೆ, ಇವರು ಪಕ್ಕದಲ್ಲಿ ನಿಂತು ಕೇಳಿದ್ದಕ್ಕೆ ಉತ್ತರ ಕೊಡ್ತಾರೆ. ಹಿಂದೆ ಕ್ಯೂ ಇರುತ್ತೆ. "ಆರ್‌ಡಿ ನಂಬರ್ ಹೇಳು. ಆದಾಯ ಎಷ್ಟು? ಜಾತಿ ಯಾವ್ದು?" ಎಲ್ಲಾ ಗಟ್ಟಿಯಾಗೇ. ಅಲ್ಲೇ ಡಿಗ್ರಿ ಓದೋ ಹುಡುಗಿಯೊಬ್ಬಳು ಸಿಕ್ಕಿದಳು. ಫೋನ್ ಅವಳದ್ದೇ, ಚುರುಕಾಗಿ ತುಂಬ್ತಾ ಹೋದಳು. ಜಾತಿ ಕೇಳೋ ಪುಟ ಬಂದಾಗ ನಿಂತಳು. ತುಂಬಿದ ಮೇಲೆ ಅವಳ ಹೆಸರಿನ ಪಕ್ಕ ಎಸ್‌ಸಿ ಅಂತ ಒಂದು ನೀಲಿ ಪಟ್ಟಿ ಬಂತು, ಮುಂದಿನ ಪ್ರತಿ ಪುಟದಲ್ಲೂ ತಲೆ ಮೇಲೆ ಅದೇ ಪಟ್ಟಿ. ಯಾವ ವಿದ್ಯಾರ್ಥಿಗೆ ಯಾವ ಸ್ಕಾಲರ್‌ಶಿಪ್ ಅಂತ ಥಟ್ಟಂತ ಗೊತ್ತಾಗಲಿ ಅಂತ ಡಿಸೈನರು ಒಳ್ಳೇ ಮನಸ್ಸಿಂದಲೇ ಬಣ್ಣ ಹಚ್ಚಿದ್ದರಂತೆ. ಹುಡುಗಿ ಅಂಗೈ ಅಡ್ಡ ಹಿಡಿದಳು. ಎರಡು ನಿಮಿಷ ಹಾಗೇ ತುಂಬಿದಳು. ಆಮೇಲೆ "ಇದನ್ನ ಊರಿಗೆ ಹೋದಾಗ ತುಂಬ್ತೀನಿ ಅಕ್ಕ" ಅಂತ ಫೋನ್ ಬ್ಯಾಗಿಗೆ ಹಾಕ್ಕೊಂಡಳು.

ಅವಳು ನಾಲ್ವರು ಗೆಳತಿಯರ ಜೊತೆ ಬಾಡಿಗೆ ರೂಮಲ್ಲಿದಾಳೆ. ರೂಮಿನ ಓನರಿಗೆ ಗೊತ್ತಿಲ್ಲ, ಗೆಳತಿಯರಿಗೂ ಗೊತ್ತಿಲ್ಲ. ಗೊತ್ತಾದ್ರೆ ಏನಾಗುತ್ತೆ ಅಂತ ಈ ಪೋಸ್ಟ್ ಓದೋ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ತುಂಬಿದ ಅರ್ಜಿ ಉಳಿಸಿಕೊಳ್ಳೋ ವ್ಯವಸ್ಥೆಯೂ ಆ ಆ್ಯಪಲ್ಲಿ ಇರಲಿಲ್ಲ. ಮತ್ತೆ ಮೊದಲಿಂದ ಶುರು.

ಶುಕ್ರವಾರ ಮೀಟಿಂಗು. ಇವಳಿಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ಓಟಿಪಿ ವಿಷಯ ಒಪ್ಪಿದರು, ಸಮಯ ಜಾಸ್ತಿ ಮಾಡಿದರು. ದುಡ್ಡು ಹೋಗುತ್ತಾ ಅನ್ನೋ ಭಯಕ್ಕೆ ಮೊದಲ ಪುಟದಲ್ಲೇ ಇದಕ್ಕೆ ಹಣ ಕಟ್ಟಬೇಕಿಲ್ಲ ಅಂತ ದೊಡ್ಡದಾಗಿ ಬರೆಸಿದರು. ಸಂತೋಷ. ನೀಲಿ ಪಟ್ಟಿ ವಿಷಯ ಬಂದಾಗ ಒಬ್ಬರು "ಐದರಲ್ಲಿ ಒಬ್ಬಳು ಅಲ್ವಾ?" ಅಂದರಂತೆ. ಇನ್ನೊಬ್ಬರು "ಈ ಕಾಲದಲ್ಲೂ ಯಾರು ಇದನ್ನೆಲ್ಲ ನೋಡ್ತಾರೆ? ನಿಂಗೆ ಹೇಗೆ ಅಷ್ಟು ಗ್ಯಾರಂಟಿ?" ಅಂದರಂತೆ.

ಗ್ಯಾರಂಟಿ ಹೇಗೆ ಅಂದ್ರೆ, ಅವಳೂ ಹಾಗೇ ಇದಾಳೆ. ಆ ಆಫೀಸಲ್ಲಿ ಅವಳ ಜಾತಿ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ರಿಸರ್ವೇಶನ್ ಬಗ್ಗೆ ಅವರು ಆಡೋ ಮಾತು ಕೇಳಿಸಿಕೊಂಡು ಸುಮ್ಮನೆ ಅನ್ನ ಕಲಸ್ತಾಳೆ. ಮೀಟಿಂಗಲ್ಲಿ ಉತ್ತರ ಗಂಟಲಿಗೆ ಬಂತು, ಹೇಳಲಿಲ್ಲ. "ಇನ್ನಷ್ಟು ಜನರನ್ನ ಕೇಳಿ ಬರ್ತೀನಿ" ಅಂದಳು. ಪಟ್ಟಿಯ ವಿಷಯ 'ಮುಂದಿನ ಹಂತ' ಅನ್ನೋ ಕಡತಕ್ಕೆ ಹೋಯ್ತು. ನಾನು ಗುಮಾಸ್ತ. ಮುಂದಿನ ಹಂತ ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು.

ರಾತ್ರಿ ಫೋನ್ ಮಾಡಿ "ಚಿಕ್ಕಪ್ಪಾ, ಆರನೇ ಬಳಕೆದಾರಳು ನಾನೇ ಆಗಿದ್ದೆ. ಹೇಳೋಕಾಗಲಿಲ್ಲ" ಅಂದಳು.

ಗೆಳೆಯರೇ, ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ.

ಈ ಐದು ಜನರ ಲೆಕ್ಕ ಎಲ್ಲಿಂದ ಬಂತು ಅಂತ ಅವಳನ್ನೇ ಕೇಳಿ ತಿಳ್ಕೊಂಡೆ. ಜೇಕಬ್ ನೀಲ್ಸನ್ ಅನ್ನೋ ತಜ್ಞರು 2000ದಲ್ಲಿ ಒಂದು ಲೇಖನ ಬರೆದರು. ಐದು ಜನರ ಮೇಲೆ ಪರೀಕ್ಷೆ ಮಾಡಿದರೆ ಬಳಕೆಯ ತೊಂದರೆಗಳಲ್ಲಿ ಶೇ. 85ರಷ್ಟು ಸಿಕ್ಕಿಬಿಡುತ್ತವೆ ಅಂತ. ಆಮೇಲೆ ಗೂಗಲ್‌ನ ಹೂಡಿಕೆ ಕಂಪನಿಯವರು ಸೋಮವಾರ ಶುರುಮಾಡಿ ಶುಕ್ರವಾರ ಐದು ಜನರಿಗೆ ತೋರಿಸಿ ಮುಗಿಸೋ ಐದು ದಿನದ ಪದ್ಧತಿ ಮಾಡಿದರು, 2016ರಲ್ಲಿ ಅದರ ಪುಸ್ತಕವೂ ಬಂತು. ಅವಸರದ ಕಂಪನಿಗಳಿಗೆ ಈ ಐದು ಅನ್ನೋದು ಮಂತ್ರ ಆಗಿಬಿಡ್ತು. ಆದರೆ ನೀಲ್ಸನ್ ಅವರ ಅದೇ ಲೇಖನದಲ್ಲಿ ಇನ್ನೂ ಎರಡು ಮಾತಿದೆ. ಒಂದು, ಐದು ಜನರ ಪರೀಕ್ಷೆ ಒಂದೇ ಸಲ ಮಾಡಿ ಕೈ ತೊಳ್ಕೊಳ್ಳೋದಲ್ಲ, ತಿದ್ದಿ ಮತ್ತೆ ಮತ್ತೆ ಮಾಡಬೇಕು. ಎರಡು, ಬಳಸೋರಲ್ಲಿ ಬೇರೆ ಬೇರೆ ಥರದ ಗುಂಪುಗಳಿದ್ದರೆ ಪ್ರತಿ ಗುಂಪಿಂದಲೂ ಮೂರ್ನಾಲ್ಕು ಜನ ಬೇಕು.

ಈ ಎರಡನೇ ಮಾತನ್ನು ನಮ್ಮ ದೇಶದಲ್ಲಿ ಇಟ್ಟು ನೋಡಿ. ಬೇರೆ ಬೇರೆ ಗುಂಪು ಅಂದ್ರೆ ಏನು? ಅವರ ಪಟ್ಟಿಯಲ್ಲಿ ವಯಸ್ಸು ಇರುತ್ತೆ, ಗಂಡು ಹೆಣ್ಣು ಇರುತ್ತೆ, ನಗರ ಹಳ್ಳಿ ಇರುತ್ತೆ, ಯಾವ ಕಂಪನಿ ಫೋನು ಅನ್ನೋದೂ ಇರುತ್ತೆ. ಜಾತಿ ಇರಲ್ಲ. ಜಾತಿ ಕೇಳೋದು ಸಭ್ಯತೆ ಅಲ್ಲ ಅಂತಾರೆ. ಅರ್ಜಿಯೊಳಗೆ ಜಾತಿ ಕೇಳ್ತಾರೆ, ಅದಕ್ಕೊಂದು ಬಣ್ಣ ಬಳೀತಾರೆ, ಆದರೆ ಆ ಅರ್ಜಿ ಸರಿಯಿದೆಯಾ ಅಂತ ಪರೀಕ್ಷೆ ಮಾಡೋವಾಗ ಮಾತ್ರ ಆ ಜಾತಿಯ ಮಕ್ಕಳು ಕೂತಿದಾರಾ ಅಂತ ಯಾರೂ ನೋಡಲ್ಲ. ಹತ್ತಿರ ಸಿಕ್ಕೋರು, ಪರಿಚಯದೋರು ಐದು ಜನ ಕೂತು ಇಡೀ ರಾಜ್ಯದ ಪರವಾಗಿ ಚೆನ್ನಾಗಿದೆ ಅಂತಾರೆ.

ಅವಸರದ ಬಗ್ಗೆ ಒಂದು ಮಾತು. ನಾನು ವೇಗದ ವಿರೋಧಿ ಅಲ್ಲ. ಸ್ಕಾಲರ್‌ಶಿಪ್ ಆ್ಯಪು ಎರಡು ತಿಂಗಳು ತಡವಾದರೆ ನಷ್ಟ ಆಗೋದೂ ನಮ್ಮ ಮಕ್ಕಳಿಗೇ. ಎಲ್ಲರನ್ನೂ ಕೇಳ್ತಾ ಕೂತರೆ ಏನೂ ಮುಗಿಯಲ್ಲ ಅನ್ನೋರ ಮಾತಲ್ಲೂ ಸತ್ಯ ಇದೆ. ಆದರೆ ಆಫೀಸಿನಲ್ಲಿ ಉಳಿಸಿದ ಮೂರು ದಿನ ಎಲ್ಲಿ ಹೋಗುತ್ತೆ ಅಂತ ಲೆಕ್ಕ ಹಾಕಿ. ಅಡಿಕೆ ಕೊಯ್ಲು ಬಿಟ್ಟು ಸೈಬರಿಗೆ ಬಂದ ಅಪ್ಪನ ಒಂದು ಕೂಲಿ, ಟ್ರಾಕ್ಟರ್ ನಿಲ್ಲಿಸಿದ ಮಾವನ ಅರ್ಧ ದಿನ, ಮತ್ತೆ ಬಸ್ ಚಾರ್ಜು, ಸೈಬರಿನವನಿಗೆ ಮತ್ತೆ ದುಡ್ಡು. ಅಲ್ಲಿ ಉಳಿತಾಯ ಆದದ್ದು ಇಲ್ಲಿ ಸಾವಿರ ಮನೆಗಳಲ್ಲಿ ಖರ್ಚಾಗುತ್ತೆ. ಅವರ ಲೆಕ್ಕದ ಪುಸ್ತಕದಲ್ಲಿ ಈ ಖರ್ಚು ಬರಲ್ಲ ಅಷ್ಟೇ.

ಇದು ಒಂದು ಕಂಪನಿಯ ಕತೆ ಅಲ್ಲ. ಕೋವಿಡ್ ಕಾಲ ನೆನಪಿಸ್ಕೊಳ್ಳಿ. 2021ರ ಏಪ್ರಿಲ್ 28ಕ್ಕೆ 18ರಿಂದ 44 ವರ್ಷದವರಿಗೆ ಲಸಿಕೆಯ ನೋಂದಣಿ ಶುರುವಾದಾಗ ಕೋವಿನ್ ಪೋರ್ಟಲ್ ಇದ್ದದ್ದು ಇಂಗ್ಲಿಷಲ್ಲಿ. ಇಂಗ್ಲಿಷ್ ಬಲ್ಲವರು ಬೆಂಗಳೂರಿಂದ ಕಾರಲ್ಲಿ ಹಳ್ಳಿ ಆಸ್ಪತ್ರೆಗಳಿಗೆ ಬಂದು ಲಸಿಕೆ ಹಾಕಿಸ್ಕೊಂಡು ಹೋದರು, ಅದೇ ಹಳ್ಳಿಯವರು ನೋಡ್ತಾ ನಿಂತರು. ಮೇ ಕೊನೆಗೆ ಸುಪ್ರೀಂ ಕೋರ್ಟೇ ಈ ಡಿಜಿಟಲ್ ಕಂದಕದ ಬಗ್ಗೆ ಸರ್ಕಾರವನ್ನು ಪ್ರಶ್ನೆ ಮಾಡಬೇಕಾಯ್ತು. ಜೂನ್ ಹೊತ್ತಿಗೆ ಕನ್ನಡ ಸೇರಿದಂತೆ ಬೇರೆ ಭಾಷೆಗಳು ಬಂದವು. ನರೇಗಾದಲ್ಲಿ 2023ರ ಜನವರಿಯಿಂದ ಮೊಬೈಲ್ ಆ್ಯಪಲ್ಲೇ ದಿನಕ್ಕೆರಡು ಸಲ ಫೋಟೋ ಹಾಜರಿ ಕಡ್ಡಾಯ ಮಾಡಿದರು. ನೆಟ್‌ವರ್ಕ್ ಸಿಗದ ಕಡೆ ಫೋಟೋ ಹೋಗದೆ, ದುಡಿದ ದಿನದ ಕೂಲಿಗೂ ಕೂಲಿಯವರು ಅಲೆದಾಡಿದರು.

ನಮ್ಮದೇ ವಿಷಯವನ್ನೂ ಹೇಳಬೇಕು. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರ ಮೇ 5ರಿಂದ ಮೊಬೈಲ್ ಆ್ಯಪ್ ಮೂಲಕ ಪರಿಶಿಷ್ಟ ಜಾತಿಗಳ ಸಮೀಕ್ಷೆ ಮಾಡಿಸಿತು. ಆ ಸಮೀಕ್ಷೆ ನಮ್ಮ ಹೋರಾಟದ ಫಲ, ಆಯೋಗದ ಬಗ್ಗೆ ನನಗೆ ಗೌರವ ಇದೆ. ಆದರೂ ಒಂದು ಪಾಠ ಕಲೀಬೇಕು. ಮನೆಮನೆ ಸಮೀಕ್ಷೆ ಮೊದಲು ಗೊತ್ತು ಮಾಡಿದ್ದು ಮೇ 17ರವರೆಗೆ ಮಾತ್ರ, ಆಮೇಲೆ ಹಲವು ಸಲ ವಿಸ್ತರಣೆ ಆಯ್ತು. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತ ಸರ್ಟಿಫಿಕೇಟಿನಲ್ಲಿ ಇರೋರು ಮೂಲ ಜಾತಿ ಯಾವುದು ಹೇಳಬೇಕು ಅಂತ ಗೊತ್ತಾಗದೆ, ಹೇಳೋಕೆ ಅಂಜಿ ನಿಂತದ್ದನ್ನು ನಾವೆಲ್ಲ ಮನೆಮನೆಗೆ ಹೋಗಿ ನೋಡಿದೀವಿ. ಬೆಂಗಳೂರಲ್ಲಿ ಬಾಡಿಗೆ ಮನೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಜಾತಿ ಕೇಳಿದ್ರೆ ಯಾರು ಹೇಳ್ತಾರೆ? ಒಳಗೆ ಬಂದೇ ಇಲ್ಲದೆ ಬಾಗಿಲಿಗೆ ಸಮೀಕ್ಷೆ ಆಗಿದೆ ಅಂತ ಸ್ಟಿಕ್ಕರ್ ಅಂಟಿಸಿ ಹೋದ ಸಿಬ್ಬಂದಿಯೂ ಇದ್ದರು. ಆ ಪ್ರಶ್ನೆಗಳನ್ನು ಮೊದಲೇ ಹತ್ತು ಕೇರಿಗಳಲ್ಲಿ, ಹತ್ತು ಬಾಡಿಗೆ ಮನೆಗಳಲ್ಲಿ ಕೇಳಿನೋಡಿದರೆ ಇಂಥ ತೊಡಕು ಮೊದಲ ವಾರವೇ ಗೊತ್ತಾಗುತ್ತೆ. ಈ ಹುಡುಗಿ ಮಾಡೋ ಕೆಲಸ ಅದೇ.

ಇನ್ನು ಆ ಹುಡುಗಿಯ ಮೌನದ ವಿಷಯ. ಇದನ್ನ ಬರೆಯೋಕೆ ನನಗೆ ಸ್ವಲ್ಪ ಕಷ್ಟ. ನಾನು ವೇದಿಕೆ ಮೇಲೆ ನಿಂತು ಜಾತಿ ಮುಚ್ಚಿಡಬೇಡಿ, ಎದೆಯುಬ್ಬಿಸಿ ಹೇಳಿ ಅಂತ ಎಷ್ಟೋ ಸಲ ಭಾಷಣ ಮಾಡಿದೀನಿ. ಅವತ್ತು ರಾತ್ರಿಯೂ ಬಾಯಿಗೆ ಅದೇ ಬಂತು. "ಹೇಳಿಬಿಡಬೇಕಿತ್ತು ಕಣವ್ವ" ಅಂದೆ. ಅವಳು ಮೆಲ್ಲಗೆ "ನಿಮ್ಮದು ಪರ್ಮನೆಂಟ್ ಕೆಲಸ ಚಿಕ್ಕಪ್ಪಾ" ಅಂದಳು. ನಿಜ. ನನ್ನ ಕೆಲಸಕ್ಕೆ ಮೀಸಲಾತಿ ಇದೆ, ನೌಕರರ ಸಂಘ ಇದೆ, ಅನ್ಯಾಯ ಆದ್ರೆ ದೂರು ಕೊಡೋಕೆ ಆಯೋಗ ಇದೆ. ಅವಳಿಗೆ ಖಾಸಗಿ ಕಂಪನಿಯಲ್ಲಿ ಅದ್ಯಾವುದೂ ಇಲ್ಲ. ಮುಂದಿನ ಸ್ಪ್ರಿಂಟಿಗೆ ಅವಳು ಬೇಡ ಅಂತ ಒಬ್ಬ ಮ್ಯಾನೇಜರ್‌ಗೆ ಅನಿಸಿದರೆ ಸಾಕು. ಐಟಿಯಲ್ಲಿ ಜಾತಿ ಇಲ್ಲ ಅನ್ನೋರಿಗೆ ಒಂದೇ ವಿಷಯ ನೆನಪಿಸ್ತೀನಿ. ದೊಡ್ಡ ದೊಡ್ಡ ಐಟಿ ಕಂಪನಿಗಳಿರೋ ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯದ ವಿರುದ್ಧ ಕಾನೂನು ಮಾಡಿತು. ಇಲ್ಲದ ಕಾಯಿಲೆಗೆ ಯಾರೂ ಔಷಧಿ ತರಲ್ಲ.

ಬಾಬಾಸಾಹೇಬರು ಕೂಡ ಒಮ್ಮೆ ಇಂಥದೇ ಕೆಲಸಕ್ಕೆ ಹೋಗಿದ್ದರು. 1929ರಲ್ಲಿ ಮುಂಬಯಿ ಸರ್ಕಾರ ಅಸ್ಪೃಶ್ಯರ ಕುಂದುಕೊರತೆ ವಿಚಾರಿಸೋಕೆ ಒಂದು ಸಮಿತಿ ಮಾಡಿತು, ಅವರು ಅದರ ಸದಸ್ಯರು. ವಿಚಾರಣೆ ಮುಗಿಸಿ ವಾಪಸ್ ಬರುವಾಗ ಚಾಳೀಸ್‌ಗಾಂವ್‌ನಲ್ಲಿ ಇಳಿದರು. ಅವರನ್ನು ಕೂರಿಸಿಕೊಂಡು ಹೋಗೋಕೆ ಟಾಂಗಾದವರು ಒಪ್ಪಲಿಲ್ಲ. ಓಡಿಸೋಕೆ ಬಾರದ ನಮ್ಮವರೇ ಒಬ್ಬರು ಟಾಂಗಾ ಹಿಡಿದರು, ಅದು ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರೀತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದಾರೆ. ಬ್ಯಾರಿಸ್ಟರ್ ಆಗಿದ್ದರೂ, ಸರ್ಕಾರದ ಸಮಿತಿ ಸದಸ್ಯರಾಗಿದ್ದರೂ, ಯಾವ ಕಷ್ಟವನ್ನು ವಿಚಾರಿಸೋಕೆ ಹೋದರೋ ಆ ಕಷ್ಟ ಅವರನ್ನೂ ಬಿಡಲಿಲ್ಲ. ನಮ್ಮ ಹುಡುಗಿಯೂ ಹಾಗೇ. ಅದಕ್ಕೇ ನಾನು ಅವತ್ತು ಅಂದ ಮಾತು ವಾಪಸ್ ತಗೊಂಡೆ. ಜಾತಿ ಹೇಳ್ಕೊಳ್ಳೋದು ಬಿಡೋದು ಅವಳ ಇಷ್ಟ. ಅವಳು ಹೇಳದೇನೇ ಆ ಮಾತಿಗೆ ಬೆಲೆ ಸಿಗೋ ಹಾಗೆ ಕೆಲಸದ ಪದ್ಧತಿ ಇರಬೇಕು.

ಅದಕ್ಕೆ ನಾನು ಕೇಳೋದು ಇಷ್ಟು.

1. ಜನರ ದುಡ್ಡು, ಓದು, ಪಡಿತರ, ಕೂಲಿಗೆ ಸಂಬಂಧಪಟ್ಟ ಆ್ಯಪು ಯಾರೇ ಮಾಡಲಿ, ಸರ್ಕಾರವೋ ಕಂಪನಿಯೋ, ಬಿಡುಗಡೆಗೆ ಮೊದಲು ಯಾರ್ಯಾರ ಜೊತೆ ಕೂತು ಪರೀಕ್ಷೆ ಮಾಡಿದಿರಿ ಅಂತ ಬಹಿರಂಗವಾಗಿ ಹೇಳಬೇಕು. ಹೆಸರು ಬೇಡ. ಎಷ್ಟು ಜನ, ಎಲ್ಲಿಯವರು, ಯಾವ ಸಮುದಾಯದವರು, ಸ್ವಂತ ಫೋನ್ ಇತ್ತಾ, ಇಷ್ಟು ಸಾಕು.

2. ಶುಕ್ರವಾರ ತೋರಿಸೋದಲ್ಲ, ಸೋಮವಾರ ಕೇಳಬೇಕು. ಎಲ್ಲ ತಯಾರಾದ ಮೇಲೆ ಕೇಳಿದ್ರೆ ಸಿಗೋ ಉತ್ತರ ಮುಂದಿನ ಹಂತಕ್ಕೇ ಹೋಗೋದು.

3. ಐದರಲ್ಲಿ ಒಬ್ಬಳು ಅಂತ ತಲೆ ಎಣಿಸಬೇಡಿ. ತಪ್ಪಾದ್ರೆ ಆ ಒಬ್ಬಳು ಏನು ಕಳ್ಕೊಳ್ತಾಳೆ ಅಂತ ನೋಡಿ. ನಾಲ್ವರಿಗೆ ಬಣ್ಣ ಹಿಡಿಸಲಿಲ್ಲ ಅನ್ನೋದೂ, ಒಬ್ಬಳು ರೂಮ್ ಕಳ್ಕೊಳ್ತಾಳೆ ಅನ್ನೋದೂ ಒಂದೇ ಅಲ್ಲ.

4. ಪರೀಕ್ಷೆಗೆ ಕೂತೋರಿಗೆ ಒಂದು ದಿನದ ಕೂಲಿ ಕೈಗೆ ಕೊಡಿ. ಅವತ್ತು ನಮ್ಮ ಐದು ಜನಕ್ಕೆ ಕಂಪನಿ ಕೊಟ್ಟದ್ದು ಆನ್‌ಲೈನ್ ಅಂಗಡಿಯ 500 ರೂಪಾಯಿ ಕೂಪನ್. ಆ ಕೇರಿಗೆ ಅವರ ಪಾರ್ಸೆಲ್ಲೇ ಬರಲ್ಲ. ನಾನೇ ಎಲ್ಲ ಕೂಪನ್ ಇಟ್ಕೊಂಡು ನಗದು ಕೊಟ್ಟೆ. ಈಗ ನಮ್ಮನೇಲಿ ಎರಡು ಹೊಸ ಕುಕ್ಕರ್ ಇವೆ.

ಕಡೇ ಮಾತು ಹಾಸ್ಟೆಲ್ ಮಕ್ಕಳಿಗೆ. ಐಟಿ ಅಂದ್ರೆ ಕೋಡ್ ಬರೆಯೋದು ಮಾತ್ರ, ಬಿ.ಎ., ಎಂಎಸ್‌ಡಬ್ಲ್ಯು ಮಾಡಿದ ನಮಗಲ್ಲ ಅಂದ್ಕೋಬೇಡಿ. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ ಓದಿದೋರಿಗೆ ಈ ಕೆಲಸದಲ್ಲಿ ಜಾಗ ಇದೆ. ಚಾಪೆ ಮೇಲೆ ಕೂರೋಕೆ, ಎಲ್ಲಾ ಚೆನ್ನಾಗೈತೆ ಅನ್ನೋ ಮಾತಿನ ಹಿಂದಿನದನ್ನ ಕೇಳಿಸ್ಕೊಳ್ಳೋಕೆ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಇಂಗ್ಲಿಷಲ್ಲಿ ವರದಿ ಬರೆಯೋದು, ಪ್ರಶ್ನೆ ಹಾಕೋ ಪದ್ಧತಿ, ಲೆಕ್ಕ ಇಡೋದು, ಇವನ್ನ ಕಲೀಬೇಕು. ಕಲೀಬಹುದು. ಹೇಳಿಕೊಡೋಕೆ ಅವಳು ತಯಾರಿದಾಳೆ. ಒಂದು ಆಫೀಸಲ್ಲಿ ಒಬ್ಬಳೇ ಇದ್ರೆ ಗಂಟಲು ಕಟ್ಟುತ್ತೆ. ನಾಲ್ಕು ಜನ ಆದ್ರೆ ಮಾತು ಹೊರಡುತ್ತೆ.

ಆ ನೀಲಿ ಪಟ್ಟಿ ನಾನು ಇದನ್ನ ಬರೆಯೋ ಹೊತ್ತಿಗೆ ಇನ್ನೂ ಇದೆ. ಅವಳು ಇನ್ನೊಂದು ದಿನ ಕೇಳಿ ಪಡೆದಿದಾಳೆ. ಈ ಸಲ ಐದಲ್ಲ, ಹದಿನೈದು ಜನ ಬೇಕಂತೆ, ಅದರಲ್ಲೂ ಊರು ಬಿಟ್ಟು ರೂಮು, ಪಿಜಿಯಲ್ಲಿ ಇದ್ದು ಓದ್ತಿರೋರು. ಬರೋರು ಇಲ್ಲಿ ಕಾಮೆಂಟಲ್ಲಿ ಬರೀಬೇಡಿ, ನನಗೆ ಮೆಸೇಜ್ ಮಾಡಿ. ನಿಮ್ಮ ಹೆಸರು ಎಲ್ಲೂ ಬರಲ್ಲ. ಕೂಲಿ ನಗದಾಗಿ ಕೊಡಿಸ್ತೀನಿ, ನಮ್ಮನೇಲಿ ಕುಕ್ಕರ್ ಇಡೋಕೆ ಇನ್ನು ಜಾಗ ಇಲ್ಲ.

ಜೈಭೀಮ್.